ಎರಡೂ ಕೈಗೆ ಪ್ಲಾಸ್ಟರ್

ಬೇಡ ಅಂದ್ನಲ್ಲ, ಚಮಚ ಇಲ್ಲಿ ಕೊಡು, ನಾನೇ ಕುಡೀತೀನಿ… ಹೇಗೆ ಅಂದ್ರೆ? ಹೇಗೋ! ಎರಡೂ ಕೈಗೆ ಪ್ಲಾಸ್ಟರ್ ಹಾಕಿದ್ರೇನು, ಬೆರಳ ತುದಿ ಹೊರಗಿದೆಯಲ್ಲ… ಅಯ್ಯೋ. ಬಿತ್ತು. ಸೂಪೆಲ್ಲ ಹೊದಿಕೆ ಮೇಲೆ. ಬಿಡು, ಒರೆಸಬೇಡ, ಅದರ ಪಾಡಿಗೆ ಒಣಗುತ್ತೆ. ಯಾಕೆ ನಗ್ತೀಯ? ನಗು, ನಗು. ಅತ್ತೆ ಕೂಸಾಗಿಬಿಟ್ಟಳು ಅಂತ ತಾನೇ?

ನಿನಗಿರೋದೇ ಒಂದಿಷ್ಟು ಊಟದ ಬಿಡುವು. ಔಷಧಿ ಅಂಗಡಿಯಿಂದ ಓಡಿ ಬಂದು ನನಗೆ ತಿನ್ನಿಸಿ ಮತ್ತೆ ಓಡ್ಬೇಕು. ನೀನು ಏನಾದ್ರೂ ತಿಂದ್ಯಾ?… ನೋಡು, ಬಟ್ಟಲು ಕಲಕ್ತಾ ಕೂತೆ. ಅಂದ್ರೆ ತಿಂದಿಲ್ಲ. ಥೂ, ಮೂಗು ಬೇರೆ ತುರಿಸ್ತಿದೆ… ಬೇಡ ಬೇಡ, ಕೈ ತೆಗಿ! ದಿಂಬಿಗೆ ಉಜ್ಕೋತೀನಿ.

ಬೆಳಿಗ್ಗೆ ಪಾಸ್ಟರು ಬಂದಿದ್ರು. ಇಲ್ಲೇ, ನೀನು ಕೂತಿರೋ ಸ್ಟೂಲ್ ಮೇಲೆ ಕೂತ್ಕೊಂಡ್ರು. ಚರ್ಚಿನ ಪರದೆ ಕಟ್ಟೋಕೆ ಏಣಿ ಹತ್ತಿ ಬಿದ್ದವಳಲ್ವಾ ನಾನು, ಪಾಪ, ಅವರಿಗೂ ಒಂಥರಾ. 'ಅಮ್ಮ, ನಿಮ್ಮ ಪ್ರಯತ್ನ ಸಾಕು, ಇನ್ನು ದೇವರ ಪ್ರೀತಿ ಮೇಲೆ ಭಾರ ಹಾಕಿ ಸುಮ್ಮನಿರಿ' ಅಂದ್ರು. ಹಾಕ್ತೀನಿ, ಆದ್ರೆ ಉಳಿದರ್ಧ ಪರದೆ ಯಾರು ಕಟ್ತಾರೆ ಅಂದೆ… ನಗಬೇಡ, ನಿಜವಾಗ್ಲೂ ಕೇಳ್ದೆ. 'ಅರ್ಧ ಕಟ್ಟಿದವರನ್ನೂ ಅವನು ಪ್ರೀತಿಸ್ತಾನಮ್ಮ' ಅಂದ್ರು. ಕೇಳೋಕೆ ಚೆನ್ನಾಗಿದೆ. ಪರದೆ ಅರ್ಧಕ್ಕೆ ಜೋತಾಡ್ತಿದ್ರೆ ಭಾನುವಾರ ಬಂದ ಜನ ಏನಂತಾರೆ?

ನಾನೂ ಅದನ್ನೇ ಹೇಳಿಕೊಟ್ಟಿದ್ದು, ಗೊತ್ತಾ? ಸಂಡೇ ಸ್ಕೂಲಲ್ಲಿ. ದೇವರ ಪ್ರೀತಿ ಪುಕ್ಕಟೆ ಮಕ್ಕಳೇ, ದುಡಿದು ಸಂಪಾದಿಸೋಕಾಗಲ್ಲ ಅಂತ. ಹೇಳ್ತಾ ಹೇಳ್ತಾನೇ, ಬೈಬಲ್ ವಚನ ಬಾಯಿಪಾಠ ಒಪ್ಪಿಸಿದವರ ಹೆಸರಿನ ಮುಂದೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸ್ತಿದ್ದೆ. ಪುಕ್ಕಟೆ ಅನ್ನೋ ವಚನಕ್ಕೂ ನಕ್ಷತ್ರ! ಒಂದ್ಸಲ ಬೇಕರಿಯವನ ಮಗಳು ತೊದಲ್ತಾ ತೊದಲ್ತಾ ನಡುವೆ ನಿಂತುಬಿಟ್ಳು. 'ಟೀಚರ್, ನಕ್ಷತ್ರ ಇಲ್ದಿದ್ರೂ ಯೇಸು ನನ್ನ ಪ್ರೀತಿಸ್ತಾನಾ?' ಅಂದ್ಳು. ಪ್ರೀತಿಸ್ತಾನೆ ಪುಟ್ಟಿ ಅಂದೆ. ನಕ್ಷತ್ರ ಕೊಡಲಿಲ್ಲ… ಕೊಡಬಹುದಿತ್ತು ಅಂತೀಯಾ? ಕಷ್ಟಪಟ್ಟು ಕಲಿತವರು ಸುಮ್ನಿರ್ತಾರಾ?

ಹಾಂ, ನಿನಗೊಂದು ಮಾತು ಹೇಳ್ಬೇಕಿತ್ತು. ನಾಳೆ ಬೆಳಿಗ್ಗೆ ವೃದ್ಧಾಶ್ರಮದ ಗಾಡಿ ಬರುತ್ತೆ. ಗಾಬರಿಯಾಗಬೇಡ, ಕೈ ವಾಸಿಯಾಗೋವರೆಗೆ ಅಷ್ಟೇ. ಪಾಸ್ಟರೇ ಹೇಳಿದ್ದು, ಅಲ್ಲಿ ನೋಡ್ಕೊಳ್ಳೋಕೆ ಜನ ಇದ್ದಾರೆ, ಹೋಗಿ ಅಂತ. ಅವರು ಅಷ್ಟು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ? ಪಕ್ಕದ ಮನೆಯವಳು ಬಂದು ನಾಲ್ಕು ಬಟ್ಟೆ ತುಂಬಿಕೊಟ್ಳು. ನಿನಗೂ ಆರಾಮ. ಮಧ್ಯಾಹ್ನ ಓಡಿ ಬರೋದು ತಪ್ಪುತ್ತೆ…

ಯಾಕೆ ನನ್ನ ಕಣ್ಣು ನೋಡ್ತೀಯ? ಅಳ್ತಿಲ್ಲ. ಅಳು ನಿಂತು ಎಷ್ಟೋ ಕಾಲವಾಯ್ತು. ಅವನನ್ನ ಮಣ್ಣು ಮಾಡಿ ಬಂದ ಸಂಜೆ ನೀನು ಇದೇ ಮಂಚದ ಮೇಲೆ ಬಿದ್ಕೊಂಡು ಅಳ್ತಿದ್ದೆ. ನಿನ್ನ ಗಂಡ. ನಾನು ಹೆತ್ತ ಮಗ. ನಾನೇನು ಮಾಡ್ತಿದ್ದೆ? ಬಂದವರು ಕುಡಿದಿಟ್ಟ ಲೋಟ ತೊಳೀತಿದ್ದೆ. ಕಲ್ಲೆದೆ ಅಂದ್ಕೊಂಡಿರ್ತೀಯ. ಕಲ್ಲೂ ಅಲ್ಲ ಕಣೇ. ಏನೂ ಇಲ್ಲ. ಪ್ರಾರ್ಥನೆಗೆ ಕೂತ್ರೆ ಆ ಕಡೆಯಿಂದ ಏನೂ ಇಲ್ಲ, ಈ ಕಡೆಯಿಂದಲೂ ಏನೂ ಇಲ್ಲ. ಅದಕ್ಕೇ ಎದ್ದುಬಿಡ್ತಿದ್ದೆ. ಚರ್ಚಿನ ಬೆಂಚು ಒರೆಸು, ನೆಲದ ಮೇಲಿನ ಮೇಣ ಕೆರೆ, ಕಾಯಿಲೆ ಬಿದ್ದವರ ಮನೆಗೆ ಹೋಗು… ಕೆಲಸ ಮಾಡ್ತಿದ್ರೆ ದೇವರಿಗೆ ಬೇಕಾದವಳು ಅನ್ನಿಸ್ತಿತ್ತು. ಅನ್ನಿಸ್ತಿತ್ತೋ ಇಲ್ವೋ. ಕೈಯಂತೂ ಖಾಲಿ ಇರ್ತಿರಲಿಲ್ಲ.

ಬಟ್ಟಲು ಯಾಕೆ ಕೆಳಗಿಟ್ಟೆ? ಆಯ್ತು, ತಿನ್ನಿಸು, ಹಟ ಮಾಡಲ್ಲ… ಏನು? ಏನಾಯ್ತು? ಹಾಗೆ ನೋಡಬೇಡ.

ಪಾಸ್ಟರು ಅಂಗಡಿಗೆ ಬಂದಿದ್ರಾ?

…ಹೂಂ ಅಂತೀಯ. ಬಂದಿದ್ರು.

ಹಾಗಾದ್ರೆ ಬಾಗಿಲು ತೆಗೆದು ಒಳಗೆ ಬರುವಾಗ್ಲೇ ಗೊತ್ತಿತ್ತು ನಿನಗೆ. ಗೊತ್ತಿದ್ದೂ ಸೂಪು ಬಿಸಿ ಮಾಡ್ದೆ. ಗೊತ್ತಿದ್ದೂ ನಕ್ಕೆ.

ಸರಿ. ಹೋಗಿ ಅಂತ ಅವರು ಹೇಳಿಲ್ಲ. ಗಾಡಿ ಕಳಿಸಿ ಅಂತ ನಾನೇ ಕೇಳ್ಕೊಂಡೆ. 'ಸೊಸೆಗೆ ಹೇಳಿದ್ದೀರಾ ಅಮ್ಮ' ಅಂತ ಕೇಳಿದ್ರು. ಆಶ್ರಮಕ್ಕೆ ಹೋಗಿ ಅಂತ ಅವಳೇ ಅಂದ್ಳು ಅಂದೆ… ಹೂಂ. ಅಂದೆ. ಅದನ್ನೂ ಹೇಳಿರ್ತಾರೆ.

ಇನ್ನೇನು ಮಾಡ್ಲಿ, ಹೇಳು? ಅವನೇ ಇಲ್ಲದ ಮನೇಲಿ ನೀನ್ಯಾಕೆ ಉಳಿದೆ ಅಂತ ಒಂದಿನಾನೂ ಕೇಳಿಲ್ಲ ನಾನು. ಭಯ. ಅಡುಗೆ ಮಾಡಿಡ್ತೀನಿ, ಬಟ್ಟೆ ಇಸ್ತ್ರಿ ಮಾಡ್ತೀನಿ, ನೀನು ಬಂದಾಗ ದೀಪ ಹಾಕಿರ್ತೀನಿ, ಅಷ್ಟಕ್ಕಾದ್ರೂ ಇರ್ತಾಳೆ ಅಂದ್ಕೊಂಡಿದ್ದೆ. ಈಗ ನೋಡು. ತಲೆ ಬಾಚೋಕೂ ನೀನು, ಬಚ್ಚಲಿಗೆ ಕರ್ಕೊಂಡು ಹೋಗೋಕೂ ನೀನು. ಎಷ್ಟು ದಿನ ಮಾಡ್ತೀಯ? ನೀನು ಮುಖ ಸಿಂಡರಿಸೋ ಮೊದಲೇ ಎದ್ದು ಹೋಗಿಬಿಡೋಣ ಅಂತ… ದೇವರ ಹತ್ರಾನೂ ಅಷ್ಟೇ ಕಣೇ ನಾನು. ಪುಕ್ಕಟೆ, ಪುಕ್ಕಟೆ ಅಂತ ಕಂಡವರ ಮಕ್ಕಳಿಗೆಲ್ಲ ಹೇಳಿದೆ. ಅವರ ಮಟ್ಟಿಗೆ ನಂಬಿದ್ದೆ. ನನ್ನ ಮಟ್ಟಿಗೆ ನಂಬಿರಲಿಲ್ಲ.

ಬೇಕಾದ್ರೆ ಬೈದುಬಿಡು. ಇಷ್ಟು ದೊಡ್ಡ ಸುಳ್ಳು ಹೇಳಿದ್ದೀನಿ ನಿನ್ನ ಮೇಲೆ.

ಹೊತ್ತಾಯ್ತು, ಹೋಗು. ಯಜಮಾನರು ಕೂಗಾಡ್ತಾರೆ… ಕೋಟು ಯಾಕೆ ಬಿಚ್ತಿದ್ದೀಯ? ಅಂಗಡಿ ಕೋಟು, ಹಾಕ್ಕೋ… ಮಂಚದ ಮೇಲೆ ಯಾಕೆ ಬಂದೆ? ಹೊದಿಕೆ ಒದ್ದೆ ಇದೆ, ಅಲ್ಲಿ ಬೇಡ… ಹೋಗಲ್ವಾ? ಇಲ್ಲಿ ಕೂತು ಏನು ಮಾಡ್ತೀಯ? ಮಾಡೋಕೆ ಏನಿದೆ ಇಲ್ಲಿ?

ಗಾಡಿ ಬೇಡ ಅಂತ ಹೇಳಿಬಿಟ್ಯಾ?

…ತಲೆ ಆಡಿಸ್ತೀಯ. ಹೇಳಿದ್ದೀಯ.

ನನಗೆ ಈಗ್ಲೂ ಏನೂ ಅನ್ನಿಸ್ತಿಲ್ಲ ಕಣೇ. ಇನ್ನು ಸುಳ್ಳು ಹೇಳಲ್ಲ. ಖುಷಿಯೂ ಇಲ್ಲ, ಅಳುವೂ ಇಲ್ಲ… ಆದ್ರೂ ಕೂತಿರ್ತೀಯಾ?