ತಟ್ಟೆ ಮುಂದೆ ಕೂತ ತಾಯಿ

ಒಂದೂರಲ್ಲಿ ಒಬ್ಬ ಸಾಹುಕಾರ. ಕೈತುಂಬ ದುಡ್ಡಿತ್ತು. ಆದರೆ ತನ್ನನ್ನು ನಾಲ್ಕು ಜನ ತಿಳಿದವನು ಅನ್ನಬೇಕು ಅನ್ನೋ ಆಸೆ ಒಂದು ಉಳಿದುಬಿಟ್ಟಿತ್ತು. ನೋಡಿ, ಹೊಟ್ಟೆ ತುಂಬಿದ ಮೇಲೆ ಹುಟ್ಟೋ ಹಸಿವು ಇದು! ಏನು ಮಾಡಿದ? ಊಟ, ಆರೋಗ್ಯದ ಬಗ್ಗೆ ಒಂದು ಬ್ಲಾಗ್ ಶುರುಮಾಡಿದ. ಬ್ಲಾಗ್ ಅಂದರೆ ಗೊತ್ತಲ್ಲ, ತಾಯಂದಿರೇ? ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಜಗಲಿ. ನಮಗೆ ತೋಚಿದ್ದು ಬರೆಯೋದು, ಹೋಗೋರು ಬರೋರು ಓದೋದು. ತಪ್ಪೇನಿಲ್ಲ, ಒಳ್ಳೇ ಕೆಲಸವೇ.

ಅವನ ತಾಯಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಬೇಕು. ಅದನ್ನೇ ಮೊದಲ ಬರಹ ಮಾಡಿದ. 'ಊಟ ತಡವಾದರೆ ಸಕ್ಕರೆ ಇಳಿಯುತ್ತದೆ. ಬೆವರು ಬರುತ್ತದೆ, ಕೈ ನಡುಗುತ್ತದೆ. ಕೂಡಲೇ ಸಿಹಿ ಕೊಡಿ.' ಚೆನ್ನಾಗಿಯೇ ಬರೆದಿದ್ದ. ಫೋಟೋ ಒಂದು ಬಾಕಿ ಇತ್ತು.

ಅವತ್ತು ಮಧ್ಯಾಹ್ನ ತಾಯಿ ಇಂಜೆಕ್ಷನ್ ತಗೊಂಡು ಊಟಕ್ಕೆ ಕೂತಳು. ಸೊಸೆ ಮುದ್ದೆ, ಸೊಪ್ಪಿನ ಸಾರು ಬಡಿಸಿ ಒಳಗೆ ಹೋದಳು. ಮಗ ಫೋನ್ ಹಿಡಿದು ಓಡಿಬಂದ.

"ಅಮ್ಮಾ, ಮುಟ್ಟಬೇಡ! ತಟ್ಟೆ ಪಕ್ಕ ಕೈ ಇಟ್ಟು ನನ್ನ ಕಡೆ ನೋಡು."

ದೇವರಿಗೆ ತೋರಿಸದೆ ಒಂದು ಅಗುಳು ಬಾಯಿಗಿಡದೆ ಬಾಳಿದ ಜೀವ ಅದು. ಇದೂ ಏನೋ ಒಂದು ನೈವೇದ್ಯ ಇರಬೇಕು ಅಂದುಕೊಂಡಳು. ಕಾದಳು. ಮೋಡ ಕವಿಯಿತು, ಬೆಳಕು ಸಾಲಲಿಲ್ಲ. ತಟ್ಟೆಯನ್ನು ಕಿಟಕಿ ಹತ್ತಿರ ಎಳೆದ. ಸಾರು ಆರಿತು, ಬಿಸಿ ಸಾರು ತರಿಸಿದ.

"ಆಯ್ತೇನಪ್ಪಾ? ಯಾಕೋ ಕಣ್ಣು ಕತ್ತಲೆ ಬರ್ತಾ ಇದೆ."

"ಒಂದೇ ನಿಮಿಷ ಅಮ್ಮ. ಬೆಳಕು ಬರಲಿ."

ಹಣೆ ಮೇಲೆ ಬೆವರು ಬಂತು. ನೋಡಿದನಾ? ನೋಡಿದ. ಫೋಟೋದಲ್ಲಿ ಹೊಳೆಯುತ್ತೆ ಅಂತ ಟವೆಲಿನಿಂದ ಒರೆಸಿದ! ಕೈ ನಡುಗಿತು. ನೋಡಿದನಾ? ಅದನ್ನೂ ನೋಡಿದ. "ಕೈ ಅಲುಗಿಸಬೇಡ ಅಂದೆನಲ್ಲಮ್ಮ!" ಅಂತ ರೇಗಿದ.

ತಾಯಿ ಆ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಳು. ಬೆಳಕು ಬಂತು. ಒಳ್ಳೇ ಫೋಟೋವೂ ಬಂತು. ಅವನು ಫೋನ್ ಇಳಿಸಿ "ಈಗ ಉಣ್ಣಮ್ಮ" ಅನ್ನೋ ಹೊತ್ತಿಗೆ ಅವಳ ತಲೆ ತಟ್ಟೆಯ ಮೇಲೆ ವಾಲಿತ್ತು. ಸೊಸೆ ಸಕ್ಕರೆ ನೀರು ಹಿಡಿದು ಓಡಿಬಂದಳು, ಗಂಟಲಿಗೆ ಇಳಿಯಲಿಲ್ಲ. ಆಸ್ಪತ್ರೆಗೆ ಒಯ್ದರು. ಆ ತಾಯಿ ಮತ್ತೆ ಕಣ್ಣು ಬಿಡಲೇ ಇಲ್ಲ.

ಅವನು ಎದೆ ಬಡಿದುಕೊಂಡು ಏನಂದ ಗೊತ್ತೇ? "ನನಗೆ ಗೊತ್ತಿತ್ತು. ನಾನೇ ಬರೆದಿದ್ದೆ." ಹೌದಪ್ಪಾ, ಗೊತ್ತಿತ್ತು! ಲೋಕಕ್ಕೆಲ್ಲ ಹೇಳೋಕೆ ಗೊತ್ತಿತ್ತು. ಎದುರಿಗೆ ಕೂತವಳಿಗೆ ಒಂದು ತುತ್ತು ಇಡೋಕೆ ಗೊತ್ತಾಗಲಿಲ್ಲ.

ಅವನನ್ನು ಬೈಯಬೇಡಿ. ನಮ್ಮ ನಮ್ಮ ಮನೇಲಿ ಏನು ನಡೀತಿದೆ? ತಟ್ಟೆ ನೋಡ್ತೀವಿ, ತಟ್ಟೆ ಮುಂದೆ ಕೂತವರ ಮುಖ ನೋಡಲ್ಲ. ಬರೀರಿ, ಬೇಡ ಅನ್ನಲ್ಲ. ಆದರೆ ಇವತ್ತಿನಿಂದ ಮೊದಲ ತುತ್ತು ಮನೆಯ ಮುದುಕರಿಗೆ, ಕಾಯಿಲೆಯವರಿಗೆ, ಮಕ್ಕಳಿಗೆ. ಅವರು ಉಣ್ಣೋದನ್ನು ಕಣ್ಣಾರೆ ನೋಡಿ, ಆಮೇಲೆ ಫೋನ್ ಮುಟ್ಟಿ.

ನನಗಿನ್ನೂ ಹೇಳೋದಿತ್ತು. ಆದರೆ ಆ ಕಂಬದ ಪಕ್ಕ ಕೂತ ಅಜ್ಜಿ ಆಗಿನಿಂದ ಸೆರಗಲ್ಲಿ ಬೆವರು ಒರೆಸಿಕೊಳ್ತಿದ್ದಾರೆ. ಸಾಕು. ಏಳಿ, ಮೊದಲು ಅವರಿಗೆ ಎಲೆ ಹಾಕಿ.