ಚರ್ಚೆಗೆ ಹೋದ ಮಗಳ ಪ್ರಶ್ನೆ

ಧರ್ಮ ಯಾವುದು, ಅಧರ್ಮ ಯಾವುದು ಎಂದು ತಿಳಿಯದೆ ಮನುಷ್ಯ ಕೆಡುತ್ತಾನೆ ಎಂದು ಪ್ರವಚನ ಕೇಳಲು ಬಂದ ನೀವೆಲ್ಲ ನಂಬಿದ್ದೀರಿ. ನಾನು ಹಾಗೆ ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು. ಯಾಕೆ ಬಿಟ್ಟೆ? ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಹತ್ತಿ ಬೆಳೆಯುವ ಎರೆಸೀಮೆಯ ಒಂದು ಪಟ್ಟಣ. ಅಲ್ಲಿ ಎಣ್ಣೆ ಗಿರಣಿ ಇಟ್ಟುಕೊಂಡಿದ್ದ ಸಾಹುಕಾರನೊಬ್ಬ, ಹೆಸರು ಅಂದಾನಪ್ಪ. ಕಥೆಯಲ್ಲಿ ಸಾಹುಕಾರ ಬಂದ ಕೂಡಲೇ ಅವನು ಕ್ರೂರಿ ಎಂದು ನೀವು ತೀರ್ಮಾನ ಮಾಡಿಬಿಡುತ್ತೀರಿ. ಇವನು ಹಾಗಿರಲಿಲ್ಲ ನೋಡಿ. ಕುಡಿಯುತ್ತಿರಲಿಲ್ಲ, ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ. ಅವನಿಗೆ ಓದಿನ ಹುಚ್ಚು. ದರ್ಶನಶಾಸ್ತ್ರ ಓದಿದ, ತರ್ಕ ಓದಿದ, ದೇಶವಿದೇಶದ ನೀತಿಗ್ರಂಥಗಳನ್ನೆಲ್ಲ ತರಿಸಿ ಓದಿದ. ಪ್ರತಿ ಗುರುವಾರ ಸಂಜೆ ಅವನ ಪಡಸಾಲೆಯಲ್ಲಿ ಒಂದು ಕೂಟ ಸೇರುತ್ತಿತ್ತು. ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಒಬ್ಬ ವಕೀಲರು, ಒಬ್ಬ ಡಾಕ್ಟರು, ಊರಿನ ಕೆಲವು ಹಿರಿಯರು. ಹಸಿದವನು ಕದ್ದರೆ ಅದು ಕಳ್ಳತನವೇ? ಸಾಯುವವನಿಗೆ ಸುಳ್ಳು ಹೇಳಬಹುದೇ? ಇಂಥ ಪ್ರಶ್ನೆಗಳು. ಮಂಡಕ್ಕಿ ಬರುತ್ತಿತ್ತು, ಮಿರ್ಚಿ ಬರುತ್ತಿತ್ತು, ಚಹಾ ಬರುತ್ತಿತ್ತು. ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಸಾಹುಕಾರನಿಗೆ ಒಬ್ಬಳೇ ಮಗಳು, ಕಸ್ತೂರಿ. ಆ ಪಡಸಾಲೆಯ ಕಂಬಕ್ಕೊರಗಿ ಈ ಮಾತುಗಳನ್ನು ಕೇಳುತ್ತಲೇ ಬೆಳೆದವಳು. ಅವಳನ್ನು ಅದೇ ಊರಿನ ಹತ್ತಿ ವ್ಯಾಪಾರಿಯ ಮನೆಗೆ ಕೊಟ್ಟಿದ್ದರು.

ಒಂದು ದಿನ ಕಸ್ತೂರಿ ಮತ್ತು ಅವಳ ಗಂಡ ಸಂಬಂಧಿಕರ ಮನೆಯ ಸೀಮಂತ ಮುಗಿಸಿಕೊಂಡು ಕಾರಿನಲ್ಲಿ ಊರಿಗೆ ಮರಳುತ್ತಿದ್ದರು. ಕಾರಿಗೆ ಮೌಲಾಲಿ ಎಂಬ ಡ್ರೈವರ್ ಇದ್ದ. ಆದರೆ ಆ ಹೊತ್ತು ಗಂಡನಿಗೆ ತಾನೇ ಓಡಿಸುವ ಉಮೇದು. ಮೌಲಾಲಿಯನ್ನು ಪಕ್ಕಕ್ಕೆ ಕೂರಿಸಿ ಜೋರಾಗಿ ಬಿಟ್ಟ. ಊರ ಹೊರಗಿನ ತಿರುವಿನಲ್ಲಿ, ಗೋಡೆ ಕಟ್ಟುವ ಕೆಲಸ ಮುಗಿಸಿ ಸೈಕಲ್ ಮೇಲೆ ಮನೆಗೆ ಹೊರಟಿದ್ದ ಒಬ್ಬ ಗೌಂಡಿಗೆ ಕಾರು ಬಡಿಯಿತು. ನಿಲ್ಲಿಸಿ ಎಂದು ಮೌಲಾಲಿ ಬೇಡಿಕೊಂಡ. ನಿಲ್ಲಿಸಿ ಎಂದು ಕಸ್ತೂರಿ ಕೂಗಿಕೊಂಡಳು. ಗಂಡ ನಿಲ್ಲಿಸಲಿಲ್ಲ. ಅವಳು ಹಿಂದಿನ ಗಾಜಿನಲ್ಲಿ ನೋಡಿದಾಗ ಆ ಮನುಷ್ಯ ಮೊಣಕೈ ಊರಿ ಏಳಲು ಪ್ರಯತ್ನಿಸುತ್ತಿದ್ದ. ಜೀವ ಇತ್ತು, ನೋಡಿ. ಇನ್ನೂ ಜೀವ ಇತ್ತು. ಬೆಳಗಾಗುವಷ್ಟರಲ್ಲಿ ಅವನು ಸತ್ತ ಸುದ್ದಿ ಊರೆಲ್ಲ ಹರಡಿತು.

ಕಸ್ತೂರಿಯ ಮಾವ ಮೌಲಾಲಿಯನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ. ಬೇಗ ಬಿಡಿಸಿಕೊಂಡು ಬರುತ್ತೇವೆ, ಅಲ್ಲಿಯವರೆಗೆ ನಿನ್ನ ಹೆಂಡತಿ ಮಕ್ಕಳು ನಮ್ಮ ಜವಾಬ್ದಾರಿ ಎಂದ. ಮೌಲಾಲಿ ಆ ಮನೆಯ ಅನ್ನ ಉಂಡವನು. ತಲೆ ತಗ್ಗಿಸಿ ಠಾಣೆಗೆ ಹೋಗಿ, ಕಾರು ಓಡಿಸುತ್ತಿದ್ದವನು ನಾನೇ ಎಂದು ಹೇಳಿಕೆ ಕೊಟ್ಟ.

ಮರುದಿನವೇ ಕಸ್ತೂರಿ ತವರಿಗೆ ಬಂದಳು. ಅಂದಾನಪ್ಪ ಓದುತ್ತ ಕೂತಿದ್ದ.

"ಅಪ್ಪಾ, ಗಾಡಿ ಓಡಸಾಕತ್ತಿದ್ದವ್ರು ಇವ್ರು. ನಾ ಕಣ್ಣಾರೆ ನೋಡೀನಿ. ಮೌಲಾಲಿ ಒಳಗ ಕುಂತಾನ. ನಾ ಈಗ ಏನ್ ಮಾಡ್ಲಿ?"

ಸಾಹುಕಾರ ಪುಸ್ತಕ ಮುಚ್ಚಿಟ್ಟ. ಬಾಯಿ ಮುಚ್ಚಿಕೊಂಡಿರು ಎನ್ನಲು ಅವನ ಓದು ಬಿಡಲಿಲ್ಲ. ಎದ್ದೇಳು, ಠಾಣೆಗೆ ಹೋಗೋಣ ಎನ್ನಲು ಎದೆ ಸಾಲಲಿಲ್ಲ. ಅಳಿಯ ಜೈಲಿಗೆ ಹೋದರೆ ಮಗಳ ಬಾಳೇನಾದೀತು, ಬೀಗರ ಎದುರು ಹೇಗೆ ನಿಲ್ಲಲಿ ಎಂಬ ದಿಗಿಲು. ಆಗ ಅವನ ಓದು ಅವನ ನೆರವಿಗೆ ಬಂತು. ಇದು ಅವಸರದಲ್ಲಿ ತೀರ್ಮಾನಿಸುವ ವಿಷಯವಲ್ಲ, ಬಹಳ ಸೂಕ್ಷ್ಮ ಇದೆ, ಗುರುವಾರ ಹಿರಿಯರ ಮುಂದೆ ಇಟ್ಟು ವಿಚಾರ ಮಾಡೋಣ ಎಂದ. ಮಗಳು ನಂಬಿದಳು.

ಗುರುವಾರ ಬಂತು. ಹೆಸರು ಹೇಳದೆ ಅಂದಾನಪ್ಪ ಪ್ರಶ್ನೆ ಇಟ್ಟ. ಗಂಡನ ಅಪರಾಧ ಕಂಡ ಹೆಂಡತಿ ಸಾಕ್ಷಿ ಹೇಳಬೇಕೋ, ಬೇಡವೋ? ಸತ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂದು ಡಾಕ್ಟರು ಎದ್ದರು. ಕಟ್ಟಿಕೊಂಡವನ ಕೈ ಬಿಡುವುದೂ ಒಂದು ದ್ರೋಹವೇ ಎಂದು ವಕೀಲರು ಎದ್ದರು. ಸತ್ಯ ಎಂದರೆ ನಡೆದದ್ದೋ, ಒಳಿತಾಗುವುದೋ ಎಂದು ಮೇಷ್ಟ್ರು ಕೇಳಿದರು. ಆ ವಾರ ಮುಗಿಯಲಿಲ್ಲ. ಮುಂದಿನ ವಾರವೂ ಮುಗಿಯಲಿಲ್ಲ. ಕೂಟಕ್ಕೆ ಜನ ಹೆಚ್ಚಾದರು. ಇಂಥ ಚರ್ಚೆ ನಮ್ಮ ಊರಲ್ಲಿ ಹಿಂದೆ ಆಗಿಲ್ಲ ಎಂದು ಎಲ್ಲರೂ ಹೊಗಳಿದರು. ಅಂದಾನಪ್ಪನಿಗೂ ಖುಷಿಯಾಯಿತು. ಅದು ತನ್ನ ಮಗಳ ಕರುಳಿನ ಮಾತು ಎಂಬುದು ಅವನಿಗೆ ಮರೆತೇ ಹೋಗಿತ್ತು.

ಮಗಳು ಮಾತ್ರ ಪ್ರತಿ ಗುರುವಾರ ಬಂದು ಬಾಗಿಲ ಹಿಂದೆ ಕೂರುತ್ತಿದ್ದಳು. ಒಂದು ಸಂಜೆ ಮೌಲಾಲಿಯ ಹೆಂಡತಿ ಹುಸೇನಬಿ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ಸಾಹುಕಾರರ ಮನೆಯಲ್ಲಿ ನ್ಯಾಯದ ಮಾತು ಆಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಬಹಳ ಹೊತ್ತು ಕೇಳಿದಳು. ಒಂದೂ ತಿಳಿಯಲಿಲ್ಲ. ಬಾಗಿಲ ಹಿಂದೆ ಕೂತಿದ್ದ ಕಸ್ತೂರಿ ಅವಳ ಕಣ್ಣಿಗೆ ಬಿದ್ದಳು.

"ಅವ್ವಾರ, ಒಳಗ ನಮ್ಮ ಮನಿಯವ್ರ ಸುದ್ದಿ ಮಾತಾಡಾಕತ್ತಾರೇನ್ರಿ?"

ಕಸ್ತೂರಿ ಏನು ಹೇಳಬೇಕು? ನೀವೇ ಹೇಳಿ. ಅವಳು ತಲೆ ಅಲ್ಲಾಡಿಸಿ, ಇಲ್ಲ ಎಂದಳು. ಅದು ಅವಳು ಹೇಳಿದ ಮೊದಲನೆಯ ಸುಳ್ಳು. ಹುಸೇನಬಿ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಕೋರ್ಟಿನ ತೀರ್ಪು ಹತ್ತಿರ ಬಂದಾಗ ಕಸ್ತೂರಿ ಕೊನೆಯ ಸಲ ತಂದೆಯನ್ನು ಕೇಳಿದಳು, ಏನು ತೀರ್ಮಾನವಾಯಿತು ಎಂದು.

"ಎರಡೂ ಕಡೆ ನ್ಯಾಯ ಐತಿ ಮಗಳ," ಎಂದ ಅಂದಾನಪ್ಪ. "ನಿನ್ನ ಮನಸ್ಸು ಹ್ಯಾಂಗ ಹೇಳ್ತೈತೋ ಹಾಂಗ ಮಾಡು."

ಅವಳು ಗಂಡನ ಮನೆಗೆ ಹೋದಳು. ಮೌಲಾಲಿಗೆ ಶಿಕ್ಷೆಯಾಯಿತು. ಹುಸೇನಬಿ ಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಊರಿಗೆ ಹೊರಟುಹೋದಳು. ಸತ್ತ ಗೌಂಡಿಯ ತಾಯಿ ದಿನವೂ ಮೌಲಾಲಿಯ ಹೆಸರು ಹಿಡಿದು ಶಾಪ ಹಾಕಿದಳು.

ಆಮೇಲೆ ಅಂದಾನಪ್ಪನಿಗೆ ನಿದ್ದೆ ಬರಲಿಲ್ಲ, ಊಟ ರುಚಿಸಲಿಲ್ಲ. ಕೊನೆಗೊಂದು ದಿನ ತಾನೇ ಮಗಳ ಮನೆಗೆ ಹೋಗಿ, ಅವಳ ಎದುರು ಕೂತು, ತಪ್ಪಾಯಿತು, ಈಗಲಾದರೂ ಹೋಗಿ ಹೇಳೋಣ, ನಾನು ನಿನ್ನ ಜೊತೆ ಬರುತ್ತೇನೆ ಎಂದ. ಮಗಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಈಗ ಹೇಳಿದ್ರ ಸತ್ತಾವ ಬರ್ತಾನೇನಪ್ಪಾ?" ಎಂದಳು. "ಮೌಲಾಲಿ ತಾನಾಗೇ ಒಪ್ಪಿಕೊಂಡಾನ. ಒಬ್ಬನ ಮನಿ ಉಳಸಾಕ ಹೋಗಿ ಇನ್ನೊಂದ್ ಮನಿ ಕೆಡಸೂದು ಯಾವ ನ್ಯಾಯ?"

ಅವಳ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಅವಳು ಚಹಾ ತರಲು ಒಳಗೆ ಹೋದಳು. ಅವನು ಕುಡಿಯದೆ ಎದ್ದು ಬಂದ.

ಈಗ ನನಗೆ ಹೇಳಿ, ಆ ಹುಡುಗಿ ಮೊದಲ ದಿನ ತಂದೆಯ ಬಳಿ ಯಾಕೆ ಬಂದಿದ್ದಳು? ಉತ್ತರ ಗೊತ್ತಿಲ್ಲದೆ ಬಂದಿದ್ದಳೇ? ಗೊತ್ತಿತ್ತು. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಠಾಣೆಯ ಮೆಟ್ಟಿಲು ಹತ್ತಲು ಒಬ್ಬಳಿಗೇ ಹೆದರಿಕೆಯಾಗಿತ್ತು, ಜೊತೆಗೆ ಒಂದು ಜೀವ ಬೇಕಿತ್ತು, ಅಷ್ಟೇ. ತಂದೆ ಜೊತೆ ಕೊಡಲಿಲ್ಲ, ತರ್ಕ ಕೊಟ್ಟ. ಮೌಲಾಲಿ ಎಂದಾದರೂ ಜೈಲಿನಿಂದ ಬಂದಾನು. ಆ ತರ್ಕದೊಳಗಿಂದ ಅವಳು ಹೇಗೆ ಹೊರಗೆ ಬರಬೇಕು?

ನೀವೂ ಇದನ್ನೇ ಮಾಡುತ್ತೀರಿ. ಸೊಸೆಗೆ ಅನ್ಯಾಯವಾಗುತ್ತಿದೆ ಎಂದು ಗೊತ್ತು. ಆದರೆ ಅವಳದೂ ತಪ್ಪಿರಬಹುದಲ್ಲ ಎನ್ನುತ್ತೀರಿ. ಆಫೀಸಿನಲ್ಲಿ ಯಾರದೋ ತಪ್ಪು ಯಾರದೋ ತಲೆಗೆ ಕಟ್ಟಿದ್ದು ಗೊತ್ತು. ಎಲ್ಲ ಮುಖಗಳನ್ನೂ ನೋಡಬೇಕು ಎನ್ನುತ್ತೀರಿ. ನೋಡುತ್ತೀರಿ, ನೋಡುತ್ತಲೇ ಇರುತ್ತೀರಿ. ನಾಳೆಯಿಂದ ಇಷ್ಟು ಮಾಡಿ. ಹೆದರಿದ ಒಂದು ಮುಖ ನಿಮ್ಮ ಬಳಿ ಬಂದು ನಾನೇನು ಮಾಡಲಿ ಎಂದು ಕೇಳಿದರೆ ಗ್ರಂಥ ತೆರೆಯಬೇಡಿ, ಚಪ್ಪಲಿ ಮೆಟ್ಟಿಕೊಳ್ಳಿ. ಎಲ್ಲಿಗೆ ಹೋಗಬೇಕೋ ಅಲ್ಲಿಯವರೆಗೆ ಜೊತೆಗೆ ನಡೆಯಿರಿ. ವಾದ ಮಾಡಲೇಬೇಕಿದ್ದರೆ ದಾರಿಯಲ್ಲಿ ಮಾಡಿ.

ಹೇಳಿದೆ. ಆದರೆ ಭರವಸೆಯಿಂದ ಹೇಳಲಿಲ್ಲ. ನೀವು ಈ ಬಾಗಿಲು ದಾಟಿದ ಕೂಡಲೇ, ಅಂದಾನಪ್ಪ ಮಾಡಿದ್ದು ಸರಿಯೋ ತಪ್ಪೋ ಎಂದು ಶುರು ಮಾಡುತ್ತೀರಿ. ಇವತ್ತಿನ ಪ್ರವಚನ ಬಹಳ ಚೆನ್ನಾಗಿತ್ತು ಎನ್ನುತ್ತೀರಿ. ನಿಮ್ಮಲ್ಲಿ ಕೆಲವರಿಗಾದರೂ ಹೋಗಿ ಹೇಳಬೇಕಾದ ಒಂದು ಸತ್ಯ ಇದೆ. ನಿಮ್ಮ ಮುಖದಲ್ಲೇ ಅದು ಕಾಣುತ್ತಿದೆ. ಮಂಗಳಾರತಿ ತಡವಾದರೆ ಆಗಲಿ, ಅವರು ಈಗಲೇ ಎದ್ದು ಹೋಗಲಿ. ಯಾರೂ ಏಳುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿದೆ. ಆದರೂ ಹೇಳುತ್ತೇನೆ, ಏಳಿ.