ಸೂರಿಲ್ಲದ ಮನೆಯ ಮುಹೂರ್ತ

ಪರದೇಶದ ಆಲ್ಕೈ ಕಡಲ ದಂಡೆಯ ಬಸ್ ನಿಲ್ದಾಣದಲ್ಲಿ ವೇದಾ ಮನಸ್ಸಿನಲ್ಲೇ ರಾಮನಾಮ ಹೇಳಿಕೊಳ್ಳುತ್ತಾ ನಿಂತಿದ್ದಳು. ಬೆಂಚಿನ ಕಡೆಯಿಂದ ಕನ್ನಡ ಕಿವಿಗೆ ಬಿದ್ದದ್ದೇ ನಾಮ ಅಲ್ಲಿಗೇ ನಿಂತಿತು. ಎದೆಗೆ ಹಸುಗೂಸನ್ನು ಕಟ್ಟಿಕೊಂಡ ಸೊಸೆ; ಪಕ್ಕದಲ್ಲಿ ಇಳಕಲ್ ಸೀರೆಯ ಮೇಲೆ ಜಾಕೆಟ್ ತೊಟ್ಟ ಅತ್ತೆ.

“ಸ್ವಾಮ್ಯಾರು ತಗದ ಮುಹೂರ್ತ ಮುಂದ ಹಾಕಾಕ ಬರಂಗಿಲ್ಲ. ಹಾಲು ಉಕ್ಕಿಸಿ ಆ ರಾತ್ರಿ ಎಲ್ಲಾರೂ ಹೊಸ ಮನ್ಯಾಗ ಮಲಗಬೇಕು.”

“ಅತ್ತೆ, ರೂಫೇ ಹಾಕಿಲ್ಲ. ಬರೀ ಟಾರ್ಪಾಲ್ ಹೊದಿಸಿದಾರೆ.”

“ಮಳಿಗೆ ಅಂಜಿ ಯಾರರ ಮನಿ ಬಿಡ್ತಾರೇನು?”

“ಬಿಟ್ಟಿದಾರಲ್ಲ! ಈಗ್ತಾನೆ ಸ್ಮಾರಕ ನೋಡಿದ್ವಿ. ಈ ಊರು ಕಟ್ಟಿದ ಬಿಳಿಯರು ನವೆಂಬರ್ ಮಳೇಲೇ ಇಲ್ಲಿ ಬಂದಿಳಿದ್ರಂತೆ. ಅವರ ಗುಡಿಸಲಿಗೂ ಸೂರಿರ್ಲಿಲ್ಲ. ಹೆಂಗಸ್ರು ಕೂತು ಅತ್ತರಂತೆ.”

“ಅತ್ತು ಇಲ್ಲೇ ಇದ್ರಲ್ಲ?”

“ಎಲ್ಲಿದ್ರು? ಗಾಳಿ ತಡ್ಕೊಳ್ಳೋಕಾಗ್ಲಿಲ್ಲ, ಹಡಗು ನಿಲ್ಲೋಕೆ ನೀರು ಆಳ ಇರ್ಲಿಲ್ಲ. ಚಳಿ ಕಳೀತಿದ್ದಂಗೆ ಸುಮಾರು ಜನ ಆಚೆ ದಡಕ್ಕೆ ಹೋದ್ರು. ನನ್ನ ಮಗೂನ ಆ ಟಾರ್ಪಾಲ್ ಕೆಳಗೆ ಮಲಗಿಸಲ್ಲ, ಅಷ್ಟೇ.”

ಅತ್ತೆ ಮುಖ ತಿರುಗಿಸಿ ಕಡಲನ್ನೇ ನೋಡಿದಳು. ಅಷ್ಟರಲ್ಲಿ ದೂರದಲ್ಲಿ ಬಸ್ಸು ಕಾಣಿಸಿತು.

“ಆ ಬಿಳಿ ಮಂದಿ ಕೂಡ ಕೂಸು ಇತ್ತೇನು?”

“ಒಂದು ಎಳೇ ಮಗು ಇತ್ತಂತೆ.”

“ಉಳೀತೇನು?”

“ಉಳೀತು ಅತ್ತೆ.”

ಅತ್ತೆ ಕೂಸಿನ ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆದಳು.

“ಹಾಲು ಉಕ್ಕಿದ ಕೂಡ್ಲೆ ನೀವು ಕ್ರಾಸ್‌ರೋಡ್ಸಿನ ಹಳೇ ಮನಿಗೆ ಹೊಳ್ಳಿ ಹೋಗ್ರಿ. ಹೊಸ ಮನ್ಯಾಗ ನಾ ಒಬ್ಬಾಕೀನ ಮಲಗ್ತೀನಿ.”

“ಸೋರಿದ್ರೆ?”

“ಸೋರ್ಲಿ. ದೀಪದ ಮ್ಯಾಲ ಛತ್ರಿ ಹಿಡೀತೀನಿ.”

ಬಸ್ಸು ಅವರನ್ನು ಹತ್ತಿಸಿಕೊಂಡು ಹೋಯಿತು. ವೇದಾ ನಿಂತುಹೋಗಿದ್ದ ನಾಮವನ್ನು ಮತ್ತೆ ಹಿಡಿದಳು, ಈ ಸಲ ಆ ಟಾರ್ಪಾಲಿಗಾಗಿ.